ಬೈಪಾಸ್ ಟನಲ್ ಇದ್ದರೂ ಸಂಪರ್ಕ ಕಡಿದದ್ದೇಕೆ?

ಕುಂಬಳೆಯ ಜಾಲಿಗ:
ಮಾನ್ಯರೇ, ಕಾಸರಗೋಡಿನಿಂದ ಕುಂಬಳೆ, ಉಪ್ಪಳಗಳ ಮೂಲಕ ಮಂಗಳೂರಿಗೆ ಹೋಗುವ, ಪ್ಯಾಕೆಟ್ಟುಗಳನ್ನು ಅವುಗಳ ಮೇಲಿನ ಲೇಬಲ್ ನೋಡಿ ಸಾಗಿಸುವ ಸಣ್ಣ ಎಂಪಿಎಲ್‌ಎಸ್ ಜಾಲವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಕುಂಬಳೆ–ಉಪ್ಪಳ ಲಿಂಕಿನ ರಕ್ಷಣೆಗೆಂದು ಬಂದ್ಯೋಡಿನ ರೂಟರಿನ ಮೂಲಕ ಬೈಪಾಸ್ ಟನಲ್ (ಲಿಂಕ್ ಕಡಿದಾಗ ಬಳಸಲು ಮೊದಲೇ ಕಟ್ಟಿಟ್ಟ ಬದಲಿ ದಾರಿ) ಇದೆ. ಅದು ಸಿದ್ಧವಾಗಿದೆಯೆಂದೇ ರೂಟರ್ ಸದಾ ತೋರಿಸುತ್ತಿತ್ತು. ಆದರೆ ಕಳೆದ ವಾರ ಶಿರಿಯದ ಬಳಿ ಮಣ್ಣು ಅಗೆಯುವ ಯಂತ್ರವು ಕೇಬಲ್ ಕಿತ್ತಾಗ, ಕಾಸರಗೋಡಿನ ರೂಟರ್ ಬದಿಯಡ್ಕ, ಪೆರ್ಲ, ವಿಟ್ಲದ ಕಡೆಯಿಂದ ಹೊಸ ದಾರಿ ಕಟ್ಟುವವರೆಗೂ ಎಲ್ಲವೂ ನಿಂತುಹೋಯಿತು. ಬದಲಿ ದಾರಿಗೆ ತಟ್ಟನೆ ಹೊರಳಿಸುವ ಫಾಸ್ಟ್ ರೀರೂಟ್ 50 ಮಿಲಿಸೆಕೆಂಡಿನಲ್ಲಿ ಕೆಲಸ ಮಾಡಬೇಕಲ್ಲವೇ?

ಪಯಸ್ವಿನಿ:
ಬಂದ್ಯೋಡಿಗೆ ಹೋಗುವ ಫೈಬರ್ ಹೊಳೆ ದಾಟುವುದು ಉಪ್ಪಳದ ಫೈಬರ್ ಇರುವ ಪೈಪಿನಲ್ಲೇ ಇರಬೇಕು, ಒಮ್ಮೆ ವಿಚಾರಿಸಿ. ರೂಟರಿಗೆ ಕಾಣುವುದು ಎರಡು ಬೇರೆ ಲಿಂಕುಗಳೇ ಹೊರತು ಅವೆರಡೂ ಮಲಗಿರುವ ಗುಂಡಿಯಲ್ಲ. ಒಟ್ಟಿಗೆ ಕಡಿಯಬಹುದಾದ ಲಿಂಕುಗಳಿಗೆಲ್ಲ ಒಂದೇ ಎಸ್‌ಆರ್‌ಎಲ್‌ಜಿ (ಒಂದೇ ಅಪಾಯ ಹಂಚಿಕೊಂಡ ಲಿಂಕುಗಳ ಗುಂಪು) ಸಂಖ್ಯೆ ಕೊಟ್ಟು, ಬೈಪಾಸ್ ಲೆಕ್ಕ ಹಾಕುವಾಗ ಆ ಸಂಖ್ಯೆಯ ಲಿಂಕುಗಳನ್ನು ಬಿಟ್ಟುಬಿಡುವಂತೆ ಹೇಳಿದರೆ ಅದು ಬದಿಯಡ್ಕದ ದಾರಿಯನ್ನೇ ಹಿಡಿಯುತ್ತದೆ. ಆದರೆ ಬೈಪಾಸ್ ಮೂಲ ದಾರಿಯನ್ನು ಕೂಡುವ ಬಿಂದುವಾಗಿ ಉಪ್ಪಳವೇ ಉಳಿದರೆ ಪ್ಯಾಕೆಟ್ಟುಗಳು ಮಂಗಳೂರಿಗೆ ಹೋಗಿ, ಉಪ್ಪಳಕ್ಕೆ ಮರಳಿ, ಪುನಃ ಮಂಗಳೂರಿಗೇ ಹೋಗಬೇಕಾಗುತ್ತದೆ. ಆದುದರಿಂದ ಉಪ್ಪಳವನ್ನು ಹಾರಿಸಿ, ಬೈಪಾಸನ್ನು ನೇರವಾಗಿ ಮಂಗಳೂರಿನಲ್ಲಿ ಕೊನೆಗೊಳಿಸುವುದು ಲೇಸು. ಉಪ್ಪಳದ ರೂಟರ್ ಕೆಟ್ಟರೂ ಆಗ ರಕ್ಷಣೆ ಇರುತ್ತದೆ. ಇದಕ್ಕೆ ಮಂಗಳೂರಿನ ರೂಟರ್ ಯಾವ ಲೇಬಲನ್ನು ನಿರೀಕ್ಷಿಸುತ್ತದೆಂಬುದು ಕುಂಬಳೆಗೆ ಮೊದಲೇ ತಿಳಿದಿರಬೇಕಾದುದರಿಂದ, ದಾರಿಯ ಜೊತೆಗೆ ಲೇಬಲುಗಳೂ ದಾಖಲಾಗುವಂತೆ ಟನಲಿನಲ್ಲಿ ಕೇಳಿಕೊಳ್ಳಬೇಕು.

ಮುಳ್ಳೇರಿಯದವ:
ಇನ್ನೊಂದು ಮಾತು. 50 ಮಿಲಿಸೆಕೆಂಡಿನ ಗುರಿ ಹಳೆಯ ದೂರಸಂಪರ್ಕ ಜಾಲಗಳ ಎಸ್‌ಡಿಎಚ್ ಉಂಗುರಗಳಿಂದ ಬಂದದ್ದು; ಕಡಿತ ಕೂಡಲೇ ಗೊತ್ತಾದರೆ ಮಾತ್ರ ಅದು ನಿಜವಾಗುತ್ತದೆ. ನಡುವೆ ಸ್ವಿಚ್ಚೋ ಮೀಡಿಯಾ ಕನ್ವರ್ಟರೋ ಇದ್ದರೆ ಆಚೆಯ ಫೈಬರ್ ತುಂಡಾದರೂ ನಿಮ್ಮ ಪೋರ್ಟಿನ ದೀಪ ಉರಿಯುತ್ತಲೇ ಇರಬಹುದು. ಅಂಥಲ್ಲಿ, ರೂಟರುಗಳು ಪರಸ್ಪರ ಸಣ್ಣ ಸಂದೇಶ ಕಳುಹಿಸುತ್ತ ಲಿಂಕನ್ನು ಪರೀಕ್ಷಿಸುವ ಬಿಎಫ್‌ಡಿ ಹಾಕಬೇಕಾಗುತ್ತದೆ. ಆ ಸಂದೇಶವನ್ನು 50 ಮಿಲಿಸೆಕೆಂಡಿಗೊಮ್ಮೆ ಕಳುಹಿಸಿ ಮೂರು ತಪ್ಪಿದ ಮೇಲೆ ಕಡಿತವೆಂದು ತೀರ್ಮಾನಿಸಿದರೂ ಪತ್ತೆಗೇ ಸುಮಾರು 150 ಮಿಲಿಸೆಕೆಂಡು ಹಿಡಿಯುತ್ತದೆ.

ಕುಂಬಳೆಯ ಜಾಲಿಗ:
ವಿಚಾರಿಸಿದೆ, ಪೈಪು ಒಂದೇ. ಸಂಖ್ಯೆಗಳನ್ನು ಹಾಕಿ, ಬೈಪಾಸನ್ನು ಮಂಗಳೂರಿನವರೆಗೆ ಎಳೆದು, ರಾತ್ರಿ ಲಿಂಕನ್ನು ಬೇಕೆಂದೇ ಕೆಡವಿ ನೋಡಿದಾಗ ಪರೀಕ್ಷೆಗೆ ಕಳುಹಿಸಿದ ಪಿಂಗ್ ತಪ್ಪಲಿಲ್ಲ. ಆದರೆ ಕೆಲವು ಜಾಲತಾಣಗಳು ತೆರೆಯಲೊಲ್ಲವು.

ಪಯಸ್ವಿನಿ:
ಎಂಟಿಯು (ಪೋರ್ಟು ಸಾಗಿಸಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ) ನೋಡಿ. ಬೈಪಾಸಿನಲ್ಲಿ ಮೇಲೊಂದು ಲೇಬಲ್ ಏರುವುದರಿಂದ 4 ಬೈಟ್ ಹೆಚ್ಚಾಗಿ, ಬದಿಯಡ್ಕದ ದಾರಿಯ ಯಾವುದೋ ಪೋರ್ಟಿನಲ್ಲಿ ದೊಡ್ಡ ಪ್ಯಾಕೆಟ್ಟುಗಳಷ್ಟೇ ಬೀಳುತ್ತಿರಬಹುದು. ಪಿಂಗನ್ನೂ 1500 ಬೈಟಿನ ಪ್ಯಾಕೆಟ್ಟಿನಲ್ಲಿ, ತುಂಡರಿಸಬಾರದೆಂಬ ಸೂಚನೆಯೊಂದಿಗೆ ಕಳುಹಿಸಿದರೆ ದೊಡ್ಡ ಪ್ಯಾಕೆಟ್ಟು ಬೀಳುತ್ತಿದೆಯೇ ಎಂಬುದು ತಿಳಿಯುತ್ತದೆ.