ಕ್ಲಿಯರೆನ್ಸ್ ಸಿಕ್ತು ಅಂದ್ರೆ ಹೊರಡು ಅಂತ ಅಲ್ಲ: ಕಂಟ್ರೋಲರ್ ಕಾಕಾಗೆ ಕೇಳಿ

ಟಿಳಕವಾಡಿ ಅಕ್ಕ: ಕಾಕಾ, ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ನಲ್ಲಿ ನಮ್ಮ ವಿಮಾನ ರನ್‌ವೇ ಹತ್ತಿರ ಹೋಗಿ ಸುಮ್ನೆ ನಿಂತಿತ್ತು. ಟವರ್ ಅನುಮತಿ ಮೊದಲೇ ತಗೋಬಾರದಾ?

ಕಾಕಾ (ನಿವೃತ್ತ ಕಂಟ್ರೋಲರ್): ಮೊದಲೇ ಸಿಗೋದು ದಾರಿಯ ಕ್ಲಿಯರೆನ್ಸ್. ಯಾವ ಊರು, ಯಾವ ದಾರಿ, ಎಷ್ಟು ಎತ್ತರ, ರಡಾರ್‌ನಲ್ಲಿ ವಿಮಾನ ಗುರುತಿಸೋ ನಾಲ್ಕಂಕಿ ಸ್ಕ್ವಾಕ್ ಕೋಡ್. ಏರೋದಕ್ಕೆ ಬೇರೆ ಅನುಮತಿ, ನಿಮ್ಮ ವಿಮಾನ ಕಾದಿದ್ದು ಅದಕ್ಕೇ.

ಟ್ರೇನಿ ಪೈಲಟ್: ಕಾಕಾ, ಹೆಸರು ಬೇಡ. ರನ್‌ವೇ ಮೇಲೆ ಕಾಯ್ತಾ ಇದ್ದೆ. "ಹೊರಟ ಮೇಲೆ ಎಡಕ್ಕೆ ತಿರುಗಿ" ಅಂತ ಟವರ್‌ನಿಂದ ಬಂತು. "ರೋಜರ್" ಅಂದು ಥ್ರಾಟಲ್ ಒತ್ತಿದೆ. ಇನ್‌ಸ್ಟ್ರಕ್ಟರ್ ಫಟ್ ಅಂತ ಹಿಂದಕ್ಕೆಳೆದರು. ರನ್‌ವೇ ಖಾಲಿ ಇತ್ತಲ್ವಾ?

ಗೋಕಾಕ ಗೆಳೆಯ: ಗ್ರೂಪಲ್ಲಿ ಬಂದಿತ್ತು ನೋಡು: "ಅರ್ಥ ಆಗದಿದ್ರೂ ರೋಜರ್ ಅನ್ನಿ, ಪದೇ ಪದೇ ಕೇಳಿದ್ರೆ ಟವರ್‌ನವರಿಗೆ ಸಿಟ್ಟು ಬರುತ್ತೆ."

ಕಾಕಾ: ಅದನ್ನ ಮೊದಲು ಡಿಲೀಟ್ ಮಾಡಪ್ಪಾ. ರೋಜರ್ ಅಂದ್ರೆ "ನೀವು ಹೇಳಿದ್ದು ಪೂರ್ತಿ ಕೇಳಿಸ್ತು", ಅಷ್ಟೇ. ಒಪ್ಪಿಗೆ ಅಲ್ಲ, ಅನುಮತಿನೂ ಅಲ್ಲ.

ಟ್ರೇನಿ, ನಿನ್ನ ಪ್ರಶ್ನೆ ಓದಿ ಚಹಾ ಕುಡಿಯೋದು ಬಿಟ್ಟು ಕೂತೆ. 1977 ಮಾರ್ಚ್ 27, ಸ್ಪೇನ್‌ನ ಟೆನೆರೀಫ್ ದ್ವೀಪದ ಏರ್‌ಪೋರ್ಟ್. ದಟ್ಟ ಮಂಜು. ಕೆಎಲ್ಎಂ ವಿಮಾನಕ್ಕೆ ಸಿಕ್ಕಿದ್ದು ದಾರಿಯ ಕ್ಲಿಯರೆನ್ಸ್ ಮಾತ್ರ. ಆದರೆ ಅದರೊಳಗೆ "ಟೇಕ್‌ಆಫ್ ಆದ ಮೇಲೆ ಬಲಕ್ಕೆ" ಅಂತ ಇತ್ತು. ನಿನಗೆ ಬಂದ ಮಾತಿನ ಹಾಗೇ! ಅವರು ಓಡಲು ಶುರು ಮಾಡಿ "ಈಗ ಟೇಕ್‌ಆಫ್‌ನಲ್ಲಿದ್ದೇವೆ" ಅಂದರು. ಟವರ್ "ಓಕೆ" ಅಂದು, ಕೊಂಚ ತಡೆದು "ಟೇಕ್‌ಆಫ್‌ಗೆ ಕಾಯಿರಿ, ನಾನೇ ಕರೀತೀನಿ" ಅಂತು. ಅದೇ ಹೊತ್ತಿಗೆ, ಅದೇ ರನ್‌ವೇ ಮೇಲೆ ಬರ್ತಿದ್ದ ಪ್ಯಾನ್ ಆ್ಯಮ್ ವಿಮಾನದ ಪೈಲಟ್ "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂದರು. ಎರಡು ಮಾತು ಒಂದೇ ಫ್ರೀಕ್ವೆನ್ಸಿಯಲ್ಲಿ ಡಿಕ್ಕಿ ಹೊಡೆದು, ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಕೇಳಿಸಿದ್ದು ಬರೀ ಕೀಂ ಅನ್ನೋ ಸದ್ದು. ಎರಡೂ ವಿಮಾನ ಒಂದಕ್ಕೊಂದು ಗುದ್ದಿ 583 ಜನ ಹೋದರು. ಆಮೇಲಿಂದ "ಟೇಕ್‌ಆಫ್" ಅನ್ನೋ ಪದ ಏರಲು ಅನುಮತಿ ಕೊಡುವಾಗ ಅಥವಾ ಅದನ್ನ ರದ್ದು ಮಾಡುವಾಗ ಮಾತ್ರ. ಬೇರೆ ಕಡೆ "ಡಿಪಾರ್ಚರ್".

ನಿನ್ನ ಕಿವಿಗೆ "ಕ್ಲಿಯರ್ಡ್ ಫಾರ್ ಟೇಕ್‌ಆಫ್" ಬಿತ್ತಾ? ಇಲ್ಲ. ಹಾಗಾದ್ರೆ ರನ್‌ವೇ ಖಾಲಿ ಕಂಡರೂ ಅಲ್ಲಾಡಬಾರದು. ಅನುಮಾನ ಬಂದರೆ "ಸೇ ಅಗೇನ್" ಅನ್ನು. ನೂರು ಸಲ ಕೇಳು.

ಬಾಗಲಕೋಟೆ ಬಂಧು: ಕನ್ನಡದಲ್ಲೇ ಮಾತಾಡಿದ್ರೆ ಈ ಗೊಂದಲ ಇರಲ್ಲ ಅಲ್ವಾ?

ಗೋಕಾಕ ಗೆಳೆಯ: ದಿಲ್ಲಿಯಿಂದ ಬಂದ ಪೈಲಟ್‌ಗೆ ನೀನು ಹೋಗಿ ಕಲಿಸ್ತೀಯಾ?

ಬಾಗಲಕೋಟೆ ಬಂಧು: ಕಲಿಯಲಿ! ನಿನಗ್ಯಾಕೆ ಉರಿ?

ಗೋಕಾಕ ಗೆಳೆಯ: ಮೊದಲು ನಿಮ್ಮೂರಿಗೆ ಏರ್‌ಪೋರ್ಟ್ ಬರಲಿ, ಆಮೇಲೆ ಮಾತಾಡು.

ಬಾಗಲಕೋಟೆ ಬಂಧು: ನಿಮ್ಮೂರಲ್ಲಿ ಇದೆಯಾ? ಕರದಂಟು ತಿಂದು ಸುಮ್ನಿರು.

ವಿಜಯಪುರ ಮೇಷ್ಟ್ರು: ನಮ್ಮ ಬುರಣಾಪುರ ಏರ್‌ಪೋರ್ಟ್‌ನಿಂದ ವಿಮಾನ ಯಾವಾಗ ಸರ್?

ಶಹಾಪುರ ತಮ್ಮ: ಕಾಕಾ, ವಿಮಾನ ರನ್‌ವೇ ಹತ್ತಿರ ಯಾಕೆ ಸುಮ್ನೆ ನಿಲ್ಲುತ್ತೆ?

ಕಾಕಾ: ಮೇಲೆ ಓದಿ.

ಗೋಕಾಕ ಗೆಳೆಯ: ಕಾಕಾ, ಇನ್ನೊಂದು ಫಾರ್ವರ್ಡ್ ಬಂದಿದೆ...

ಕಾಕಾ: ಬೇಡ. ಟ್ರೇನಿ, ಇದ್ದೀಯಾ? ಟವರ್ "ರನ್‌ವೇ ಟೂ ಸಿಕ್ಸ್, ಲೈನ್ ಅಪ್ ಆ್ಯಂಡ್ ವೇಟ್" (ರನ್‌ವೇ ಮೇಲೆ ಬಂದು ನಿಂತು ಕಾಯಿ) ಅಂತ ಹೇಳಿದ್ರೆ ನೀನು ತಿರುಗಿ ಏನು ಹೇಳ್ತೀಯಾ?

ಟ್ರೇನಿ ಪೈಲಟ್: "ರನ್‌ವೇ ಟೂ ಸಿಕ್ಸ್, ಲೈನ್ ಅಪ್ ಆ್ಯಂಡ್ ವೇಟ್."

ಕಾಕಾ: ಕಾಲ್‌ಸೈನ್, ಅಂದ್ರೆ ನಿನ್ನ ವಿಮಾನದ ರೇಡಿಯೋ ಹೆಸರು, ಯಾರಪ್ಪ ಹೇಳ್ತಾನೆ?