ಹುತ್ತದ ಅಣಬೆ, ಕಲ್ಲಣಬೆ: ಮಳೆಗಾಲದ ಪ್ರಶ್ನೋತ್ತರ

ಪ್ರಶ್ನೆ (ಪೆರ್ಲ): ಮಾಷ್ಟ್ರೇ, ನಮಸ್ಕಾರ. ತೋಟದ ದರೆಯ ಬದಿಯಲ್ಲಿ ಬಿಳಿ ಅಣಬೆ ರಾಶಿ ಎದ್ದಿದೆ, ಫೋಟೋ ಹಾಕಿದ್ದೇನೆ. ಬೇಯಿಸುವಾಗ ಬೆಳ್ಳಿ ಚಮಚ ಹಾಕಿ, ಕಪ್ಪಾಗದಿದ್ದರೆ ತಿನ್ನಬಹುದು ಎನ್ನುತ್ತಾರೆ ಅತ್ತೆ. ಹೌದಾ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕ): ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ಅಣಬೆಯ ವಿಷದಿಂದಲ್ಲ. ಬೆಳ್ಳುಳ್ಳಿ, ಅಕ್ಕಿ, ಅರಿಶಿನದ ಪರೀಕ್ಷೆಗಳೂ ಅಷ್ಟೇ, ನಂಬುವಂತಿಲ್ಲ. ಬಸವನಹುಳು ತಿಂದದ್ದೂ ಪುರಾವೆಯಲ್ಲ, ನಮ್ಮನ್ನು ಕೊಲ್ಲುವ ವಿಷ ಅದಕ್ಕೆ ತಾಗದೇ ಇರಬಹುದು. ಅಮಾನಿಟಾ ಗುಂಪಿನ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಎಷ್ಟು ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.

ನಿಮ್ಮ ಫೋಟೋದಲ್ಲಿ ಟೊಪ್ಪಿ ಮಾತ್ರ ಇದೆ, ಬುಡ ಇಲ್ಲ. ಬುಡ ನೋಡದೆ ಏನೂ ಹೇಳುವಂತಿಲ್ಲ. ಅಣಬೆಯನ್ನು ಎಳೆದು ಕೀಳಬೇಡಿ, ಕತ್ತಿಯ ತುದಿಯಿಂದ ಸುತ್ತ ಮಣ್ಣು ಬಿಡಿಸಿ ಎತ್ತಿ. ಅದು ತಿನ್ನುವ ಹುತ್ತದ ಅಣಬೆಯಾದರೆ ಕಾಂಡ ಕೆಳಗೆ ಹೋದಂತೆ ಸಪೂರವಾಗಿ, ಉದ್ದ ಬೇರಿನ ಹಾಗೆ ನೆಲದೊಳಗಿನ ಗೆದ್ದಲಿನ ಗೂಡಿನ ತನಕ ಇಳಿದಿರುತ್ತದೆ. ಟೊಪ್ಪಿಯ ನಡುವೆ ಗಟ್ಟಿ ಮೊನೆ ಇರುತ್ತದೆ. ಅಮಾನಿಟಾದ ಬುಡ ಹೆಚ್ಚಾಗಿ ಉಬ್ಬಿಕೊಂಡಿರುತ್ತದೆ, ಕೊಲ್ಲುವ ವಿಷದ ಜಾತಿಗಳಲ್ಲಿ ಅದರ ಸುತ್ತ ತೆಳು ಚೀಲವೂ ಇರುತ್ತದೆ. ಎಳೆದರೆ ಆ ಚೀಲ ಮಣ್ಣಿನಲ್ಲೇ ಉಳಿಯುತ್ತದೆ, ನಿಮ್ಮ ಕೈಗೆ ಬರುವುದು ನಿರಪರಾಧಿ ಬಿಳಿ ಅಣಬೆ! ಕಾಂಡದ ಮೇಲಿನ ಬಳೆ ನೋಡಿ ತೀರ್ಮಾನಿಸಬೇಡಿ, ಕೆಲವು ಹುತ್ತದ ಅಣಬೆಗೂ ಬಳೆ ಇರುತ್ತದೆ.

ಆಮೇಲೆ ಹುಡಿ ಪರೀಕ್ಷೆ, ಅಂದರೆ ಟೊಪ್ಪಿಯ ಅಡಿಯ ಪದರಗಳಿಂದ ಉದುರುವ ಬೀಜಕಣದ ಬಣ್ಣ ನೋಡುವುದು. ಚೆನ್ನಾಗಿ ಅರಳಿದ ಟೊಪ್ಪಿಯ ಕಾಂಡ ಕತ್ತರಿಸಿ, ಪದರದ ಭಾಗ ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು ಬೋಗುಣಿ ಮುಚ್ಚಿ. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಹುಡಿ ಬಿದ್ದಿರುತ್ತದೆ. ಹುತ್ತದ ಅಣಬೆಯದು ತೆಳು ಗುಲಾಬಿ, ಅಮಾನಿಟಾದ್ದು ಬಿಳಿ. ಹಸಿರು ಬಿದ್ದರೆ ಅದು ಹುಲ್ಲುಹಾಸಿನಲ್ಲಿ, ಆಟದ ಮೈದಾನದಲ್ಲಿ ಏಳುವ ವಿಷದ ಕ್ಲೋರೋಫಿಲ್ಲಮ್. ಎಳೆಯದಿರುವಾಗ ಅದರ ಪದರಗಳೂ ಬಿಳಿ, ಮೋಸ ಹೋಗುವುದು ಅಲ್ಲೇ. ಗುಲಾಬಿ ಹುಡಿಯ ಬೇರೆ ಅಣಬೆಗಳೂ ಇವೆ. ಹಾಗಾಗಿ ಹುಡಿ, ಬೇರು, ಮೊನೆ ಮೂರೂ ಹೊಂದಬೇಕು. ಒಂದು ತಪ್ಪಿದರೂ ಗೊಬ್ಬರದ ಗುಂಡಿಗೆ ಹಾಕಿ. ಮೂರೂ ಹೊಂದಿದರೂ, ಮೊದಲ ಸಲ ಕೀಳುವಾಗ ಆ ಅಣಬೆಯನ್ನು ವರ್ಷಗಳಿಂದ ಬಲ್ಲವರಿಗೆ ಬುಡಸಹಿತ ತೋರಿಸದೆ ಒಲೆಗೆ ಏರಿಸಬೇಡಿ.

ಇನ್ನೊಂದು ಮಾತು: ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ತೋಟದಲ್ಲಿ ಎದ್ದದ್ದು ಯಾವ ಜಾತಿಯದಾದರೂ ಬೇಡ. ಮೈಲುತುತ್ತಿನ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಅಣಬೆ ಅದನ್ನು ಹೀರಿಕೊಳ್ಳುತ್ತದೆ.

ಪ್ರಶ್ನೆ (ಮುಳ್ಳೇರಿಯ): ಉಂಡೆಯಂಥ ಕಲ್ಲಣಬೆಗೆ ಟೊಪ್ಪಿಯೂ ಇಲ್ಲ, ಕಾಂಡವೂ ಇಲ್ಲವಲ್ಲ ಮಾಷ್ಟ್ರೇ. ಅದು ಹೇಗಾದರೂ ಸೇಫ್ ಅಲ್ವಾ?

ಉತ್ತರ (ಅಧ್ಯಾಪಕ): ಅಲ್ಲ. ತುಳುವಿನಲ್ಲಿ ಕಲ್ಲಲಾಂಬು ಎನ್ನುವ ಅದು ಮೊದಲ ಮಳೆಗೆ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಕಾಡಿನಲ್ಲಿ ಸಿಗುತ್ತದೆ. ತೊಳೆದ ಮೇಲೆ ಒಂದೂ ಬಿಡದೆ ನಡುವೆ ಕೊಯ್ದು ನೋಡಿ. ಒಳಗೆಲ್ಲ ಒಂದೇ ಸಮ ಬಿಳಿ, ಗಟ್ಟಿ ಇದ್ದರೆ ಮಾತ್ರ ಇಟ್ಟುಕೊಳ್ಳಿ. ಬೂದು, ನೇರಳೆ, ಕಪ್ಪು ತಿರುಗಿದ್ದರೆ ಒಂದೋ ಬಲಿತದ್ದು, ಇಲ್ಲ ಅದನ್ನೇ ಹೋಲುವ ವಿಷದ ಸ್ಕ್ಲೆರೋಡರ್ಮಾ. ಎರಡನೆಯದು ತಿಂದರೆ ವಾಂತಿ, ಹೊಟ್ಟೆನೋವು. ಕೊಯ್ದ ಮುಖದಲ್ಲಿ ಪುಟ್ಟ ಕೊಡೆಯ ಆಕಾರ ಕಂಡರೆ ಬುಟ್ಟಿಯನ್ನೇ ಪಕ್ಕಕ್ಕಿಡಿ. ಅದು ಇನ್ನೂ ಅರಳದ ಅಮಾನಿಟಾ ಆಗಿರಬಹುದು.

ಪ್ರಶ್ನೆ (ಬದಿಯಡ್ಕ): ತಿಂದು ವಾಂತಿ ಶುರುವಾದರೆ ಮನೆಯಲ್ಲಿ ಮೊದಲು ಏನು ಕೊಡಬೇಕು? ಮಜ್ಜಿಗೆ?

ಉತ್ತರ (ವೈದ್ಯರು): ಮಜ್ಜಿಗೆ, ಉಪ್ಪುನೀರು, ಬಾಯಿಗೆ ಬೆರಳು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ. ತಿಂದದ್ದು ಎಷ್ಟು ಗಂಟೆಗೆ, ವಾಂತಿ ಶುರುವಾದದ್ದು ಎಷ್ಟು ಗಂಟೆಗೆ ಎಂದು ಬರೆದಿಡಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದನ್ನು. ಒಂದರಿಂದ ಮೂರು ಗಂಟೆಯೊಳಗೆ ವಾಂತಿಯಾದರೆ ಹೆಚ್ಚಾಗಿ ಕ್ಲೋರೋಫಿಲ್ಲಮ್‌ನಂಥದ್ದು, ಡ್ರಿಪ್ ಹಾಕಿದರೆ ಸುಧಾರಿಸುತ್ತದೆ. ಆರು ಗಂಟೆ ಕಳೆದು ಶುರುವಾದರೆ ಅಮಾಟಾಕ್ಸಿನ್ ಎಂದೇ ತಿಳಿದು ನಡೆಯಬೇಕು. ಅದರಲ್ಲಿ ಭೇದಿ ನಿಂತು ಎರಡನೇ ದಿನ ರೋಗಿ ಎದ್ದು ಕೂರುತ್ತಾನೆ, ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಒಳಗೆ ಲಿವರ್ ಹಾಳಾಗುತ್ತಿರುವುದು ಆಗಲೇ. ಲಿವರ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ನೋಡದೆ ಮನೆಗೆ ಹೋಗಬಾರದು. ಎರಡು ಜಾತಿ ಬೆರೆತಿದ್ದರೆ ಬೇಗ ಬಂದ ವಾಂತಿಯನ್ನೂ ನಂಬುವಂತಿಲ್ಲ. ಅದೇ ಪದಾರ್ಥ ಉಂಡವರೆಲ್ಲರೂ, ಏನೂ ಆಗದವರೂ ಬರಬೇಕು. ಉಳಿದ ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ತನ್ನಿ, ಪ್ಲಾಸ್ಟಿಕ್‌ನಲ್ಲಿ ಕೊಳೆತು ಗುರುತು ಸಿಗುವುದಿಲ್ಲ.

ಪ್ರಶ್ನೆ (ಪೆರ್ಲ): ಬುಡ ಅಗೆದು ನೋಡಿದೆ ಮಾಷ್ಟ್ರೇ. ಉದ್ದ ಬೇರು ಇಲ್ಲ, ಉಂಡೆಯ ಹಾಗಿದೆ.

ಉತ್ತರ (ಅಧ್ಯಾಪಕ): ಹಾಗಾದರೆ ಅದು ಹುತ್ತದ ಅಣಬೆಯಲ್ಲ, ಬಿಸಾಡಿ. ಕೈ, ಕತ್ತಿ ಸೋಪು ಹಾಕಿ ತೊಳೆಯಿರಿ.