ಚಿಕ್ಕಪ್ಪ, ಅದು ರೆಕಾರ್ಡಿಂಗ್ ತೊಂದರೆ ಅಲ್ಲ

ಚಿಕ್ಕಪ್ಪ, ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡೇ ಕೇಳಿ. ನಿನ್ನೆ ನಾನು ಗ್ರೂಪಿಗೆ ಹಾಕಿದ ಕೆನಡಾದ ವಾದಕ ಗ್ಲೆನ್ ಗೂಲ್ಡ್ ಪಿಯಾನೋ ಕೇಳಿ, "ಹಿಂದೆ ಯಾರೋ ಗೊಣಗುತ್ತಿದ್ದಾರಲ್ಲ, ರೆಕಾರ್ಡಿಂಗ್ ಕೆಟ್ಟಿದೆಯಾ?" ಅಂದಿರಿ. ಕೆಟ್ಟಿಲ್ಲ. ಗೊಣಗುತ್ತಿರುವವನು ಗೂಲ್ಡೇ! ನುಡಿಸುವಾಗ ಜೊತೆಗೆ ಹಾಡಿಕೊಳ್ಳುವುದು ಅವನ ಅಭ್ಯಾಸ. ಕಿರುಗುಟ್ಟುವ ಸದ್ದು ಕೇಳಿಸಿದರೆ ಅದು ಅವನ ಕುರ್ಚಿ. ಅವನ ಅಪ್ಪ ಕುರ್ಚಿಯ ಕಾಲು ಕತ್ತರಿಸಿ ಗಿಡ್ಡ ಮಾಡಿಕೊಟ್ಟ ಮಡಚುವ ಕುರ್ಚಿ, ಎತ್ತರ ಬರೀ 14 ಇಂಚು. ಹೋದಲ್ಲೆಲ್ಲ ಅದನ್ನೇ ಹೊತ್ತುಕೊಂಡು ಹೋಗುತ್ತಿದ್ದ. ಕೊನೆಕೊನೆಗೆ ಸೀಟು ಹರಿದು ಚೌಕಟ್ಟಷ್ಟೇ ಉಳಿದಿತ್ತು, ಆದರೂ ಬಿಡಲಿಲ್ಲ.

ನೀವು ಕೇಳಿದ್ದು ಜರ್ಮನ್ ಸಂಗೀತಗಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ (ಶುರುವಿಗೆ ಒಂದು ರಾಗ, ಆಮೇಲೆ ಅದರದೇ ಬೇರೆಬೇರೆ ರೂಪಗಳು), 1981ರ ರೆಕಾರ್ಡಿಂಗ್. ಇದನ್ನೇ ಅವನು 1955ರಲ್ಲೂ ನುಡಿಸಿದ್ದ, 22ನೇ ವಯಸ್ಸಿಗೆ. ಆಗ ಸುಮಾರು 38 ನಿಮಿಷ, ಈಗ 51. ಅಣ್ಣ ಬರೆದ ಹಾಗೆ "ವಯಸ್ಸಾಯಿತು, ನಿಧಾನ ಆದ" ಅಷ್ಟೇ ಅಲ್ಲ. ಎರಡನೇ ಸಲ ಕೆಲವು ಭಾಗ ಎರಡೆರಡು ಬಾರಿ ನುಡಿಸಿದ್ದಾನೆ. ಇನ್ನೂ ಒಂದು ಮಜಾ ಇದೆ. 25ನೇ ವೇರಿಯೇಷನ್, ಆ ದುಃಖದ್ದು, ಹುಡುಗನಾಗಿದ್ದಾಗಲೇ ಜಾಸ್ತಿ ಎಳೆದು ನುಡಿಸಿದ್ದ. ವಯಸ್ಸಾದ ಮೇಲೆ ಅಲ್ಲಿ ಸ್ವಲ್ಪ ಬೇಗ ಮುಗಿಸುತ್ತಾನೆ. ನನಗೆ ಎರಡನೆಯದೇ ಇಷ್ಟ. ಮೊದಲನೆಯದರಲ್ಲಿ ಅಳು ಸ್ವಲ್ಪ ಎದ್ದು ಕಾಣುತ್ತದೆ, ಅಲ್ವಾ?

ಚಿಕ್ಕಮ್ಮನ ಪ್ರಶ್ನೆ ಚೆನ್ನಾಗಿತ್ತು. "ಶುರುವಿನ ರಾಗ ಆಮೇಲೆ ಎಲ್ಲಿ ಹೋಯಿತು?" ಅದು ಹೋಗೇಬಿಡುತ್ತದೆ ಚಿಕ್ಕಮ್ಮ, ಮತ್ತೆ ಬರುವುದು ಕೊನೆಯಲ್ಲೇ. ನಡುವಿನ 30 ವೇರಿಯೇಷನ್ನುಗಳೂ ನಿಂತಿರುವುದು ಮೊದಲಲ್ಲಿ ಎಡಗೈ ಹಿಡಿದ ಮಂದ್ರದ ಸ್ವರಗಳ ಮೇಲೆ. ಪಲ್ಲವಿ ಹುಡುಕಬೇಡಿ, ಕೆಳಗಿನ ಸ್ವರ ಹಿಡಿಯಿರಿ. ನಿಮ್ಮ ವೀಣೆ ಕಿವಿಗೆ ಅದು ಕಷ್ಟ ಆಗಲ್ಲ. ಗಮಕ ಮಾತ್ರ ಸಿಗಲ್ಲ, ಪಿಯಾನೋದಲ್ಲಿ ತಂತಿ ಎಳೆಯೋಕೆ ಆಗಲ್ಲವಲ್ಲ.

ಬಸವನಗುಡಿ ಮನೆಯಲ್ಲಿ ಮೊನ್ನೆ ಸಂಜೆ ಹಾಕಿದ್ದೆ. ಅಮ್ಮ ಪೇಪರ್ ಹಾಸಿಕೊಂಡು ಅವರೆಕಾಳು ಹಿದುಕುತ್ತಿದ್ದರು. ಮೊದಲು "ಇದೇನೋ ಟಿಣಿಟಿಣಿ" ಅಂದರು. 25ನೆಯದು ಶುರುವಾದ ಮೇಲೆ ನೋಡಿದರೆ ಕೈ ನಿಂತಿದೆ, ಬೆರಳ ತುದಿಯಲ್ಲಿ ಒಂದು ಸಿಪ್ಪೆ ಅಂಟಿಕೊಂಡಿದೆ, ಅದನ್ನೂ ಕೊಡವಿಲ್ಲ. "ಹಾಡುತ್ತಿರುವವನೂ ಅವನೇನಾ?" ಅಂದರು. ಹೌದು ಅಂದೆ. "ಪಾಪ, ಹಾಡಿಕೊಳ್ಳಲಿ ಬಿಡು."

1982ರಲ್ಲಿ, 50 ತುಂಬಿ ಕೆಲವೇ ದಿನಕ್ಕೆ ಹೋಗಿಬಿಟ್ಟ. ಆ ರೆಕಾರ್ಡಿಂಗ್ ಆಗಷ್ಟೇ ಹೊರಬಂದಿತ್ತು.

ಫೋನ್ ಸ್ಪೀಕರಲ್ಲಿ ಕೇಳಬೇಡಿ ಚಿಕ್ಕಪ್ಪ, ಎಡಗೈ ಪೂರ್ತಿ ನುಂಗಿಹೋಗುತ್ತದೆ. ಭಾನುವಾರ ಇಲ್ಲಿಗೇ ಬನ್ನಿ, ದೊಡ್ಡ ಸ್ಪೀಕರಿದೆ. ಹಿದುಕಿದ ಬೇಳೆ ಸಾರು ಬೇರೆ ಇರುತ್ತದೆ.